ನೀಲಿ ಪರದೆ ಬಂದರೆ 'ರನ್ ಎನಿವೇ' ಒತ್ತಬಹುದಾ?

ನಿಮ್ಮ ಪ್ರಶ್ನೆ ಇದು: ಮೈಸೂರಿನ ರೂಮಿನಲ್ಲಿ ಹೊಸ ಲ್ಯಾಪ್‌ಟಾಪ್‌ಗೆ ಕನ್ನಡ ಟೈಪಿಂಗ್ ಸಾಫ್ಟ್‌ವೇರ್ ಇಳಿಸಿಕೊಂಡಿರಿ. ತೆರೆಯಲು ಹೋದರೆ 'ವಿಂಡೋಸ್ ಪ್ರೊಟೆಕ್ಟೆಡ್ ಯುವರ್ ಪಿಸಿ' ಎಂದು ನೀಲಿ ಪರದೆ ಬಂತು. ಗೆಳೆಯ ಪೆನ್‌ಡ್ರೈವ್‌ನಲ್ಲಿ ಕೊಟ್ಟ ಅದೇ ಸಾಫ್ಟ್‌ವೇರ್‌ಗೆ ಏನೂ ಬರಲಿಲ್ಲ. ಹಾಗಾದರೆ ಪೆನ್‌ಡ್ರೈವ್‌ನದ್ದೇ ಸೇಫಾ?

ಅಲ್ಲ. ಇದನ್ನೇ ಮೊದಲು ಹೇಳುತ್ತೇನೆ, ನಾನು ಪೆಟ್ಟು ತಿಂದದ್ದೂ ಇಲ್ಲೇ.

ಇಂಟರ್‌ನೆಟ್‌ನಿಂದ ಬಂದ ಫೈಲಿಗೆ ಬ್ರೌಸರ್ ಒಂದು ಗುರುತು ಅಂಟಿಸುತ್ತದೆ, 'ಇದು ಹೊರಗಿನಿಂದ ಬಂದದ್ದು' ಅಂತ. ಆ ಗುರುತು ಕಂಡರೆ ಮಾತ್ರ ವಿಂಡೋಸ್‌ನ ಸ್ಮಾರ್ಟ್‌ಸ್ಕ್ರೀನ್ ಎಚ್ಚೆತ್ತು ವಿಚಾರಿಸುತ್ತದೆ. ಗುರುತು ನಿಲ್ಲುವುದು ಎನ್‌ಟಿಎಫ್‌ಎಸ್ (ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ಒಂದು ಪದ್ಧತಿ) ಇರುವ ಡಿಸ್ಕಿನಲ್ಲಿ. ನಮ್ಮ ಪೆನ್‌ಡ್ರೈವ್‌ಗಳು ಹೆಚ್ಚಾಗಿ ಫ್ಯಾಟ್32 ಅಥವಾ ಎಕ್ಸ್‌ಫ್ಯಾಟ್ ಎಂಬ ಬೇರೆ ಪದ್ಧತಿಯವು. ಕಾಪಿ ಮಾಡಿದ ಕೂಡಲೇ ಗುರುತು ಉದುರಿಹೋಗುತ್ತದೆ. ಫೈಲ್ ಒಳ್ಳೆಯದಾಗಲಿಲ್ಲ, ಕೇಳುವವರು ಇಲ್ಲವಾದರು ಅಷ್ಟೇ.

ಮಂಡ್ಯದ ನೂರಡಿ ರಸ್ತೆ ಹತ್ತಿರ ನನ್ನದೊಂದು ಚಿಕ್ಕ ಡಿಟಿಪಿ ಅಂಗಡಿ ಇದೆ. ಕೆಲವು ವರ್ಷದ ಹಿಂದೆ ಪರಿಚಯದವರೊಬ್ಬರು ದುಬಾರಿ ಡಿಸೈನ್ ಸಾಫ್ಟ್‌ವೇರ್‌ನ ಕ್ರ್ಯಾಕ್, ಅಂದರೆ ದುಡ್ಡು ಕೊಡದೆ ಓಡುವಂತೆ ಬೀಗ ಮುರಿದ ಕಳ್ಳ ಪ್ರತಿ, ತಂದುಕೊಟ್ಟರು. ಜೊತೆಗಿದ್ದ ಚೀಟಿಯಲ್ಲಿ 'ಮೊದಲು ಆಂಟಿವೈರಸ್ ಆಫ್ ಮಾಡಿ' ಎಂದಿತ್ತು. ಮಾಡಿದೆ. ಮರುದಿನ ಬೆಳಿಗ್ಗೆ ಅಂಗಡಿ ತೆಗೆದರೆ ಎಲ್ಲಾ ಫೈಲುಗಳ ಹೆಸರೂ ಬದಲಾಗಿತ್ತು, ಒಂದೂ ತೆರೆಯಲಿಲ್ಲ. ಹಣ ಕೊಟ್ಟರೆ ಬಿಡಿಸಿಕೊಡುತ್ತೇವೆ ಎಂಬ ಸಂದೇಶ ಮಾತ್ರ ತೆರೆಯಿತು. ಮದುವೆ ಸೀಸನ್ ಬೇರೆ. 11 ಲಗ್ನಪತ್ರಿಕೆಗಳನ್ನು ಹಳೇ ಪ್ರೂಫ್ ಹಾಳೆ ನೋಡಿಕೊಂಡು ರಾತ್ರಿಯಿಡೀ ಮತ್ತೆ ಟೈಪ್ ಮಾಡಿದೆ. ಪ್ರೂಫ್ ಸಿಗದ ಎರಡು ಮನೆಯವರಿಗೆ ಫೋನ್ ಮಾಡಿ ಅಜ್ಜ ಅಜ್ಜಿಯರ ಹೆಸರು ಮತ್ತೆ ಕೇಳಬೇಕಾಯಿತು. ಅವರ ದನಿಯಲ್ಲಿದ್ದ ಬೇಸರ ನನಗೆ ಇವತ್ತಿಗೂ ನೆನಪಿದೆ.

ಇನ್ನು ನಿಮ್ಮ ನೀಲಿ ಪರದೆ. ಹಳ್ಳಿ ಬೀದಿಗೆ ಗುರುತಿಲ್ಲದವರು ಬಂದರೆ ಜಗುಲಿ ಮೇಲೆ ಕೂತ ಹಿರಿಯರು 'ಯಾರ ಮನೆಗೆ ಬಂದ್ರಪ್ಪಾ?' ಎಂದು ಕೇಳುತ್ತಾರೆ ಅಲ್ವಾ? ಅದು ಕಳ್ಳ ಎಂಬ ಆರೋಪವಲ್ಲ. ಸ್ಮಾರ್ಟ್‌ಸ್ಕ್ರೀನ್ ಕೇಳುವುದೂ ಅದನ್ನೇ. ಜಾಸ್ತಿ ಜನ ಬಳಸದ ಫೈಲು, ಡಿಜಿಟಲ್ ಸಹಿ (ತಯಾರಿಸಿದವರು ಯಾರೆಂದು ಖಚಿತಪಡಿಸುವ ಗುರುತು) ಇಲ್ಲದ ಫೈಲು ಅದಕ್ಕೆ ಗುರುತಿಲ್ಲ. ಸಹಿಯ ಸರ್ಟಿಫಿಕೇಟ್‌ಗೆ ದುಡ್ಡು ಕೊಡಬೇಕು, ಹಾಗಾಗಿ ಉಚಿತವಾಗಿ ಕೊಡುವ ಎಷ್ಟೋ ಚಿಕ್ಕ ತಂಡಗಳು ಹಾಕಿಸುವುದಿಲ್ಲ. ಆದರೆ ವಿಂಡೋಸ್‌ನದೇ ಆಂಟಿವೈರಸ್ ಆದ ಡಿಫೆಂಡರ್ ಒಂದು ವೈರಸ್ಸಿನ ಹೆಸರು ಹೇಳಿ ಫೈಲನ್ನೇ ತೆಗೆದಿಟ್ಟರೆ ಮಾತು ಬೇರೆ. ಆಗ ನಾನಂತೂ ಅಲ್ಲಿಗೇ ಕೈಬಿಡುತ್ತೇನೆ.

ನೀಲಿ ಪರದೆಯಲ್ಲಿ 'ಮೋರ್ ಇನ್ಫೋ' ಒತ್ತಿದರೆ ಏನೂ ಆಗುವುದಿಲ್ಲ, ಭಯ ಬೇಡ. ಫೈಲಿನ ಹೆಸರು, ಪಬ್ಲಿಷರ್ ಯಾರು ಎಂದು ತೋರಿಸುತ್ತದೆ. 'ರನ್ ಎನಿವೇ' ಬಟನ್ ಕಾಣುವುದೂ ಆಗಲೇ. ಅದನ್ನು ಒತ್ತುವ ಮೊದಲು ಎಲ್ಲಿಂದ ಇಳಿಸಿದಿರಿ ಎಂದು ನೆನಪಿಸಿಕೊಳ್ಳಿ. ತಯಾರಿಸಿದವರ ಸ್ವಂತ ತಾಣವಾ, ಅಥವಾ ಹುಡುಕಿದಾಗ ಮೇಲೆ ಬಂದ ಜಾಹೀರಾತಾ? ಒಂದೇ ಪುಟದಲ್ಲಿ ನಾಲ್ಕು ಹಸಿರು ಡೌನ್‌ಲೋಡ್ ಬಟನ್ ಇದ್ದರೆ ಆ ಪುಟವನ್ನೇ ಬಿಟ್ಟುಬಿಡಿ. ನಂತರ ಫೈಲನ್ನು ವೈರಸ್‌ಟೋಟಲ್ ತಾಣಕ್ಕೆ ಹಾಕಿ. ಹತ್ತಾರು ಆಂಟಿವೈರಸ್‌ಗಳು ಒಟ್ಟಿಗೆ ನೋಡುತ್ತವೆ. ಒಂದೋ ಎರಡೋ ಹೆಸರಿಲ್ಲದವು ಕೆಂಪು ತೋರಿಸಿದರೆ ತಪ್ಪು ಗುರುತಿರಬಹುದು, ಹತ್ತು ತೋರಿಸಿದರೆ ಅಳಿಸಿ. ಅಲ್ಲಿ ಹಾಕಿದ್ದು ಬೇರೆಯವರಿಗೂ ಸಿಗಬಹುದು, ನಿಮ್ಮ ಸ್ವಂತ ದಾಖಲೆ ಮಾತ್ರ ಹಾಕಬೇಡಿ. 'ಆಂಟಿವೈರಸ್ ಆಫ್ ಮಾಡಿ' ಎಂದು ಯಾರೇ ಹೇಳಲಿ, ಮುಂದೆ ಹೋಗಬೇಡಿ.

ಅಂದಹಾಗೆ, ನಿಮಗೆ ಯೂನಿಕೋಡ್‌ನಲ್ಲಿ (ಫೋನು, ವೆಬ್ ಎಲ್ಲೆಡೆ ಬಳಸುವ ಅಕ್ಷರ ವ್ಯವಸ್ಥೆ) ಕನ್ನಡ ಬರೆಯುವುದಷ್ಟೇ ಬೇಕಿದ್ದರೆ ಯಾವುದನ್ನೂ ಇಳಿಸುವ ಅಗತ್ಯವೇ ಇಲ್ಲ. 2019ರಿಂದ ವಿಂಡೋಸ್ 10ರಲ್ಲಿ ಕನ್ನಡ ಫೊನೆಟಿಕ್ ಕೀಬೋರ್ಡ್ (ಉಚ್ಚಾರವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಒತ್ತಿದರೆ ಕನ್ನಡ ಬರುವಂಥದ್ದು) ಇದೆ, 11ರಲ್ಲೂ ಇದೆ. ಸೆಟ್ಟಿಂಗ್ಸ್‌ನಲ್ಲಿ ಟೈಮ್ ಅಂಡ್ ಲ್ಯಾಂಗ್ವೇಜ್‌ಗೆ ಹೋಗಿ ಕನ್ನಡ ಸೇರಿಸಿ. ಪ್ರಿಂಟಿಂಗ್ ಅಂಗಡಿಯ ಹಳೇ ಫೈಲುಗಳನ್ನು ತೆರೆಯಬೇಕು ಎಂದರೆ ಕನ್ನಡ ಗಣಕ ಪರಿಷತ್ತಿನ 'ನುಡಿ' ಸಾಫ್ಟ್‌ವೇರ್ ಬೇಕಾಗಬಹುದು. ಅದು ಉಚಿತ, ಯಾರಿಂದಲೂ ಕ್ರ್ಯಾಕ್ ತರುವ ಪ್ರಶ್ನೆಯೇ ಇಲ್ಲ.

ಗೆಳೆಯನ ಪೆನ್‌ಡ್ರೈವ್‌ನದ್ದನ್ನು ಈಗಾಗಲೇ ಇನ್‌ಸ್ಟಾಲ್ ಮಾಡಿದ್ದರೆ ಇವತ್ತೇ ಅದನ್ನು ತೆಗೆದುಹಾಕಿ. ಆಮೇಲೆ ವಿಂಡೋಸ್ ಸೆಕ್ಯುರಿಟಿಯ ಸ್ಕ್ಯಾನ್ ಆಪ್ಷನ್ಸ್‌ನಲ್ಲಿ ಡಿಫೆಂಡರ್ ಆಫ್‌ಲೈನ್ ಸ್ಕ್ಯಾನ್ ಆರಿಸಿ. ಲ್ಯಾಪ್‌ಟಾಪ್ ರೀಸ್ಟಾರ್ಟ್ ಆಗಿ ಸುಮಾರು 15 ನಿಮಿಷ ಹಿಡಿಯುತ್ತದೆ, ತೆರೆದಿಟ್ಟ ಕೆಲಸವನ್ನು ಮೊದಲು ಸೇವ್ ಮಾಡಿಕೊಳ್ಳಿ. ಏನಾದರೂ ಸಿಕ್ಕರೆ ಬ್ಯಾಂಕ್ ಮತ್ತು ಮೇಲ್ ಪಾಸ್‌ವರ್ಡ್‌ಗಳನ್ನು ಫೋನಿನಿಂದ ಬದಲಿಸಿ, ಆ ಲ್ಯಾಪ್‌ಟಾಪ್‌ನಿಂದ ಬೇಡ. ಗೆಳೆಯನಿಗೂ ಒಂದು ಮಾತು ತಿಳಿಸಿ, ಅವನ ಕಂಪ್ಯೂಟರಿನಲ್ಲೂ ಅದು ಇರುತ್ತದೆ.