ಜೆಲ್ ಪಾಲಿಶ್: ಮೇಲೆ ಹೊಳಪು, ಒಳಗೆ ಹಸಿ

ಪ್ರಶ್ನೆ: ಮೇಡಂ, ಬಳ್ಳಾರಿಯಲ್ಲಿ ಮನೆಯ ಮುಂದಿನ ಕೋಣೆಯಲ್ಲೇ ಚಿಕ್ಕ ಪಾರ್ಲರ್ ನಡೆಸುತ್ತೇನೆ. ಆರು ತಿಂಗಳಿಂದ ಗಿರಾಕಿಗಳ ಉಗುರಿಗೆ ಜೆಲ್ ಪಾಲಿಶ್ ಹಚ್ಚುತ್ತಿದ್ದೇನೆ. ಅದನ್ನು ಗಟ್ಟಿ ಮಾಡಲು 48 ವ್ಯಾಟ್ ಎಲ್ಇಡಿ ಲ್ಯಾಂಪ್ ಇದೆ. ತಿಳಿ ಬಣ್ಣ ಚೆನ್ನಾಗಿ ಬರುತ್ತದೆ. ಕಪ್ಪು, ಮೆರೂನ್ ಹಚ್ಚಿದರೆ ಸುಕ್ಕು ಬೀಳುತ್ತದೆ, ಎರಡೇ ದಿನಕ್ಕೆ ಸಿಪ್ಪೆ ಥರ ಏಳುತ್ತದೆ. ಹೆಬ್ಬೆರಳಂತೂ ಪ್ರತಿ ಸಲ ಕೆಡುತ್ತದೆ. ಕೊನೆಯ ಪದರ, ಅಂದರೆ ಟಾಪ್ ಕೋಟ್, ಆದ ಮೇಲೂ ಅಂಟಂಟು. ಜೀನ್ಸ್ ಹೊಲಿಯುವ ಯೂನಿಟ್‌ಗೆ ಹೋಗುವ ಒಬ್ಬರ ಬಿಳಿ ಉಗುರು ವಾರದಲ್ಲಿ ನೀಲಿ ತಿರುಗಿತು. ಲ್ಯಾಂಪ್‌ನಲ್ಲಿ 60 ಸೆಕೆಂಡಿನ ಗುಂಡಿ ಬದಲು 99ರದ್ದು ಒತ್ತಿದರೂ ಅಷ್ಟೇ. ಲ್ಯಾಂಪ್ ಬದಲಿಸಬೇಕಾ?

ಉತ್ತರ: ಲ್ಯಾಂಪ್‌ಗೆ ಈಗಲೇ ದುಡ್ಡು ಹಾಕಬೇಡಿ. ನಿಮ್ಮ ಪತ್ರದಲ್ಲಿ ಎರಡು ಬೇರೆ ತೊಂದರೆಗಳು ಸೇರಿಕೊಂಡಿವೆ. ಅಂಟು ಬೇರೆ, ಹಸಿ ಬೇರೆ.

ಅಂಟು ಅಷ್ಟು ಹೆದರುವಂಥದ್ದಲ್ಲ. ಜೆಲ್ ಗಟ್ಟಿಯಾಗುವಾಗ ಅದರ ಮೇಲ್ಮೈಗೆ ಗಾಳಿಯ ಆಮ್ಲಜನಕ ತಾಗುತ್ತದೆ. ಅಲ್ಲಿ ಮಾತ್ರ ಕೆಲಸ ಅರ್ಧಕ್ಕೆ ನಿಂತು ತೆಳುವಾದ ಅಂಟು ಪದರ ಉಳಿಯುತ್ತದೆ. ಬೇಸ್ ಕೋಟ್ (ಬಣ್ಣಕ್ಕೂ ಮೊದಲು ಹಚ್ಚುವ ತಳದ ಪದರ) ಮತ್ತು ಕಲರ್ ಕೋಟ್ ಮೇಲೆ ಅದನ್ನು ಹಾಗೇ ಬಿಡಿ. ಟಾಪ್ ಕೋಟ್ ಆದ ಮೇಲೆ ಮಾತ್ರ ಒರೆಸಬೇಕು. ಬಾಟಲಿ ಮೇಲೆ 'ನೋ ವೈಪ್' ಅಂತ ಇದ್ದರೆ ಒರೆಸುವುದೂ ಬೇಡ. ಮೆಡಿಕಲ್ ಶಾಪ್‌ನಲ್ಲಿ ಸಿಗುವ ಐಸೊಪ್ರೊಪೈಲ್ ಆಲ್ಕೋಹಾಲ್ ಸಾಕು. ಮಾಮೂಲಿ ರಿಮೂವರ್ ಹಾಕಿದರೆ ಹೊಳಪೇ ಹೋಗುತ್ತದೆ. ಹತ್ತಿ ಉಂಡೆಯೂ ಬೇಡ, ಎಳೆ ಅಂಟಿಕೊಳ್ಳುತ್ತದೆ. ಎಳೆ ಬಿಡದ ಪ್ಯಾಡ್ ಆದರೂ ಒಂದರಲ್ಲೇ ಹತ್ತೂ ಉಗುರು ಒರೆಸಿದರೆ ಅಂಟು ಒಂದರಿಂದ ಇನ್ನೊಂದಕ್ಕೆ ಹರಡುತ್ತದೆ, ಅಷ್ಟೇ.

ಇನ್ನು ಹಸಿ. ನನಗೆ ಚಿಂತೆ ಇರುವುದು ಇದರದ್ದೇ. ಜೆಲ್ ಗಾಳಿಗೆ ಒಣಗುವ ಪಾಲಿಶ್ ಅಲ್ಲ. ಅದರೊಳಗೆ ಬೆಳಕು ಹೀರುವ ಒಂದು ವಸ್ತು ಇರುತ್ತದೆ. ಹೆಚ್ಚಾಗಿ 365ರಿಂದ 405 ನ್ಯಾನೊಮೀಟರ್ ತರಂಗಾಂತರದ (ನೇರಳಾತೀತ ಮತ್ತು ಅದರ ಪಕ್ಕದ ನೇರಳೆ) ಬೆಳಕು ಬಿದ್ದಾಗ ಅದು ಕೆಲಸ ಶುರು ಮಾಡುತ್ತದೆ. ಬೆಳಕು ಮುಟ್ಟದ ಜಾಗ ಹಸಿಯಾಗೇ ಉಳಿಯುತ್ತದೆ. ಕಪ್ಪು, ಮೆರೂನ್, ಗಾಢ ಬಿಳಿಯಲ್ಲಿ ಬಣ್ಣದ ಪುಡಿ ಜಾಸ್ತಿ. ಅದು ಬೆಳಕನ್ನು ತಡೆಯುತ್ತದೆ. ದಪ್ಪ ತಟ್ಟಿದ ಜೋಳದ ರೊಟ್ಟಿ ಮೇಲೆ ಬೆಂದು ಒಳಗೆ ಹಸಿ ಇರುತ್ತದಲ್ವಾ, ಹಾಗೆ. ಮೇಲಿನ ಪದರ ಗಟ್ಟಿಯಾಗಿ ಎಳೆದುಕೊಳ್ಳುತ್ತದೆ, ಕೆಳಗಿನದು ಮೆತ್ತಗೇ ಇರುತ್ತದೆ. ಅದೇ ನಿಮ್ಮ ಸುಕ್ಕು. ಮೊದಲ ಕೋಟ್‌ನಲ್ಲಿ ಉಗುರು ಪಟ್ಟೆಪಟ್ಟೆಯಾಗಿ ಕಾಣಬೇಕು, ಅಷ್ಟು ತೆಳು ಹಚ್ಚಿ. ಬೇಕಾದರೆ ಮೂರು ಕೋಟ್ ಹಾಕಿ, ಪ್ರತಿ ಸಲವೂ ಲ್ಯಾಂಪ್‌ಗೆ ಇಡಿ. ಬಾಟಲಿಯನ್ನು ಕುಲುಕದೆ ಎರಡು ಅಂಗೈ ನಡುವೆ ಉರುಳಿಸಿ. ತಳದಲ್ಲಿ ಕೂತ ಬಣ್ಣ ಸೇರಿಕೊಳ್ಳುತ್ತದೆ, ಗುಳ್ಳೆಯೂ ಏಳುವುದಿಲ್ಲ.

ಹೆಬ್ಬೆರಳಿನ ಕಥೆ ಸುಲಭ. ನಾಲ್ಕು ಬೆರಳು ಮಟ್ಟಸವಾಗಿ ಇಟ್ಟಾಗ ಹೆಬ್ಬೆರಳು ಪಕ್ಕಕ್ಕೆ ಹೊರಳುತ್ತದೆ. ಉಗುರಿನ ಒಂದು ಅಂಚಿಗೆ ಬೆಳಕೇ ಬೀಳುವುದಿಲ್ಲ. ಎರಡೂ ಹೆಬ್ಬೆರಳನ್ನು ಕೊನೆಗೆ ಜೊತೆಯಾಗಿ, ಉಗುರು ಮೇಲಕ್ಕಿರುವಂತೆ ಇಡಿ.

99ರ ಬಗ್ಗೆ ತುಂಬಾ ಜನ ಮೋಸ ಹೋಗುತ್ತಾರೆ. ಅನೇಕ ಲ್ಯಾಂಪ್‌ಗಳಲ್ಲಿ ಅದು ಬಿಸಿ ತಡೆಯದವರಿಗೆ ಮಾಡಿದ ಗುಂಡಿ. ಬೆಳಕು ಮಂದವಾಗಿ ಶುರುವಾಗುತ್ತದೆ. ಜಾಸ್ತಿ ಸೆಕೆಂಡ್ ಅಂದರೆ ಜಾಸ್ತಿ ಬೆಳಕು ಅಂತಲ್ಲ. 48 ವ್ಯಾಟ್ ಅನ್ನುವುದೂ ಕರೆಂಟಿನ ಲೆಕ್ಕ, ಉಗುರಿಗೆ ಬೀಳುವ ಬೆಳಕಿನ ಲೆಕ್ಕ ಅಲ್ಲ. ಆದ್ದರಿಂದ ಜೆಲ್ ಕಂಪನಿ ಹೇಳಿದ ಲ್ಯಾಂಪು, ಹೇಳಿದ ಸಮಯ ಇಟ್ಟುಕೊಳ್ಳುವುದೇ ಸರಿ. ಜೊತೆಗೆ ಬಂದ ಅಡಾಪ್ಟರನ್ನೇ ಬಳಸಿ. ಕರೆಂಟ್ ಹೋದಾಗ ಚಾರ್ಜ್ ಲ್ಯಾಂಪ್ ಬಳಸುತ್ತಿದ್ದರೆ, ಚಾರ್ಜ್ ಇಳಿದಂತೆ ಬೆಳಕೂ ಇಳಿಯಬಹುದು. ಒಳಗಿನ ಬಲ್ಬುಗಳ ಮೇಲೆ ಜೆಲ್ ಹನಿ ಬಿದ್ದಿದೆಯಾ ಅಂತ ಲ್ಯಾಂಪ್ ಆರಿಸಿ ನೋಡಿ.

ಇಷ್ಟಾದರೂ ಅನುಮಾನ ಇದ್ದರೆ ಒಂದು ಪರೀಕ್ಷೆ ಮಾಡಿ. ಅಲ್ಯೂಮಿನಿಯಂ ಫಾಯಿಲ್ ಚೂರಿನ ಮೇಲೆ ಉಗುರಿಗೆ ಹಚ್ಚುವಷ್ಟೇ ಕಪ್ಪು ಹಚ್ಚಿ ಲ್ಯಾಂಪ್‌ಗೆ ಇಡಿ. ಆಮೇಲೆ ಗ್ಲೌಸ್ ಹಾಕಿಕೊಂಡು ಫಾಯಿಲ್ ಮಡಚಿ ಆ ಪದರ ಎಬ್ಬಿಸಿ, ತಳ ನೋಡಿ. ಕಾಡಿಗೆ ಥರ ಗ್ಲೌಸ್‌ಗೆ ಮೆತ್ತಿಕೊಂಡರೆ ಒಳಗೆ ಹಸಿ ಇದೆ ಅಂತ ಅರ್ಥ. ತೆಳುವಾಗಿ ಹಚ್ಚಿ, ಸರಿಯಾದ ಸಮಯ ಇಟ್ಟರೂ ಹೀಗೇ ಆದರೆ ಆಗ ಲ್ಯಾಂಪ್ ಬದಲಿಸಿ.

ಜೀನ್ಸ್‌ನ ನೀಲಿ ಹಸಿ ಟಾಪ್ ಕೋಟ್‌ಗೆ ಬೇಗ ಇಳಿಯುತ್ತದೆ. ಚೆನ್ನಾಗಿ ಗಟ್ಟಿಯಾದದ್ದಕ್ಕೂ ದಿನವಿಡೀ ಬಟ್ಟೆ ಉಜ್ಜಿದರೆ ಸ್ವಲ್ಪ ಹಿಡಿಯುತ್ತದೆ. ಅವರಿಗೆ ಬಿಳಿ ಬದಲು ಗಾಢ ಬಣ್ಣವನ್ನೇ ತೆಳುವಾಗಿ ಹಚ್ಚಿಕೊಡಿ.

ನಮ್ಮ ಬಿಸಿಲಿನ ಮಾತೂ ಹೇಳಲೇಬೇಕು. ಕಿಟಕಿ ಪಕ್ಕ ಬಾಟಲಿ ತೆರೆದಿಟ್ಟರೆ ಬ್ರಷ್ಷೇ ಗಟ್ಟಿಯಾಗುತ್ತದೆ. 40 ಡಿಗ್ರಿ ಸೆಕೆಯಲ್ಲಿ ಜೆಲ್ ನೀರಾಗಿ ಉಗುರಿನ ಬುಡದ ಚರ್ಮಕ್ಕೆ ಹರಿಯುತ್ತದೆ. ಒಂದೊಂದೇ ಕೈ ಹಚ್ಚಿ, ಹರಿದದ್ದನ್ನು ಲ್ಯಾಂಪ್‌ಗೆ ಇಡುವ ಮುಂಚೆಯೇ ಒರೆಸಿ.

ಸುಕ್ಕು ಬಿದ್ದ ಉಗುರಿನ ಮೇಲೆ ಇನ್ನೊಂದು ಕೋಟ್ ಹಾಕಿ ಮುಚ್ಚಬೇಡಿ. ಪೂರ್ತಿ ತೆಗೆದು ಹೊಸದಾಗಿ ಹಚ್ಚಿ. ಗಿರಾಕಿ ಕಾಯುತ್ತಿದ್ದರೂ ಸರಿ. ಯಾಕೆ ಅಂತ ಮುಂದಿನ ಪತ್ರದಲ್ಲಿದೆ.

ಪ್ರಶ್ನೆ: ಕೊಪ್ಪಳದವಳು. ಕಿಟ್ ತರಿಸಿ ಮನೆಯಲ್ಲೇ ಜೆಲ್ ಹಚ್ಚಿಕೊಳ್ಳುತ್ತೇನೆ. ಈಗ ಉಗುರಿನ ಸುತ್ತ ಕೆಂಪಾಗಿ, ನೀರುಗುಳ್ಳೆ ಬಂದು ತುರಿಸುತ್ತಿದೆ. ಕೊಬ್ಬರಿ ಎಣ್ಣೆ ಹಚ್ಚಿ ಮುಂದುವರಿಸಬಹುದಾ?

ಉತ್ತರ: ಬೇಡಮ್ಮ. ಇವತ್ತೇ ನಿಲ್ಲಿಸಿ. ಹಸಿ ಜೆಲ್‌ನಲ್ಲಿರುವ ಅಕ್ರಿಲೇಟ್ ಜಾತಿಯ ರಾಸಾಯನಿಕಗಳು, ಮುಖ್ಯವಾಗಿ ಹೆಮಾ (HEMA) ಅನ್ನುವುದು, ಚರ್ಮಕ್ಕೆ ಮತ್ತೆ ಮತ್ತೆ ತಾಗಿದರೆ ಅಲರ್ಜಿ ಹುಟ್ಟಿಸುತ್ತವೆ. ನಿಮ್ಮದು ಅದೇ ಇರಬಹುದು. ಒಮ್ಮೆ ಬಂದ ಅಲರ್ಜಿ ಸಾಮಾನ್ಯವಾಗಿ ಜೀವನಪೂರ್ತಿ ಉಳಿಯುತ್ತದೆ. ಎಣ್ಣೆಯಿಂದ ಅದು ಹೋಗುವುದಿಲ್ಲ. ಕಿಟ್‌ನ ಬಾಟಲಿಗಳನ್ನು ಜೊತೆಗೆ ಒಯ್ದು ಚರ್ಮದ ಡಾಕ್ಟರಿಗೆ ತೋರಿಸಿ, ಪ್ಯಾಚ್ ಟೆಸ್ಟ್ (ಯಾವುದಕ್ಕೆ ಅಲರ್ಜಿ ಅಂತ ಚರ್ಮದ ಮೇಲೆ ಹಚ್ಚಿ ನೋಡುವ ಪರೀಕ್ಷೆ) ಬಗ್ಗೆ ಕೇಳಿ. ಅಲರ್ಜಿ ಅಂತ ಗೊತ್ತಾದರೆ ಹಲ್ಲಿನ ಡಾಕ್ಟರ್ ಹತ್ತಿರ ಹೋದಾಗಲೂ ಮೊದಲೇ ಹೇಳಿ. ಹಲ್ಲಿಗೆ ತುಂಬುವ ಕೆಲವು ವಸ್ತುಗಳಲ್ಲೂ ಇದೇ ಜಾತಿಯ ರಾಸಾಯನಿಕ ಇರುತ್ತದೆ.