ಅಫಿಲಿಯೇಷನ್ ಅಂದ್ರೆ ಬರೀ ಸಂಬಂಧ ಅಲ್ಲ

ನೀವು ಕೇಳಿದ್ದು ಫಾರ್ಮ್‌ನಲ್ಲಿ ಅಫಿಲಿಯೇಷನ್ ಅನ್ನೋ ಕಾಲಂನಲ್ಲಿ ಏನ್ ಬರೀಬೇಕು, ರಿಲೇಷನ್ ಅಂದ್ರೂ ಅದೇನಾ ಅಂತ ಅಲ್ವಾ. ಅದೇ ಅಲ್ಲ. ರಿಲೇಷನ್ ಅಂದ್ರೆ ಯಾವ ಸಂಬಂಧ ಬೇಕಾದ್ರೂ ಆಗ್ಬಹುದು, ಅಣ್ಣ ತಮ್ಮ, ಕಾರಣ ಪರಿಣಾಮ, ಎಲ್ಲಾನೂ. ಅಫಿಲಿಯೇಷನ್ ಅಂದ್ರೆ ಒಂದು ಸಂಸ್ಥೆ ಜೊತೆ ಇರೋ ಅಧಿಕೃತ ನಂಟು, ಸಾಮಾನ್ಯವಾಗಿ ಚಿಕ್ಕದು ದೊಡ್ಡದರ ಜೊತೆ ಸೇರ್ಕೊಂಡಿರುತ್ತೆ, ಆದ್ರೆ ತನ್ನ ಹೆಸರು ಆಡಳಿತ ಬಿಟ್ಕೊಟ್ಟಿರಲ್ಲ. ಕಾಲೇಜು ಒಂದ್ ಕಡೆ, ಪರೀಕ್ಷೆ ಮಾಡಿ ಡಿಗ್ರಿ ಕೊಡೋ ಯೂನಿವರ್ಸಿಟಿ ಇನ್ನೊಂದ್ ಕಡೆ ಇರುತ್ತಲ್ಲ, ಅದೇ ಇದು, ಕನ್ನಡದಲ್ಲಿ ಸಂಯೋಜಿತ ಕಾಲೇಜು ಅಂತಾರೆ. ಮಾನ್ಯತೆ ಅಂತ ಬರೆದುಬಿಡ್ತಾರೆ ಕೆಲವ್ರು, ಅದು ರೆಕಗ್ನಿಷನ್, ಬೇರೆ ವಿಷ್ಯ.

ಮಜಾ ಏನಂದ್ರೆ ಪದದ ಬೇರು ಲ್ಯಾಟಿನ್‌ನ ಫಿಲಿಯಸ್, ಅಂದ್ರೆ ಮಗ. ಮೊದಲಿನ ಅರ್ಥ ದತ್ತು ತಗೊಳ್ಳೋದು! ಹಾಗೆ ನೋಡಿದ್ರೆ ದತ್ತು ಮಗನ ಥರ ಅಂದ್ಕೊಂಡ್ರೆ ಅರ್ಥ ಮರೆಯೋದೇ ಇಲ್ಲ.

ಫಾರ್ಮ್ ರಿಸರ್ಚ್ ಪೇಪರ್‌ದೋ ಕಾನ್ಫರೆನ್ಸ್‌ದೋ ಆಗಿದ್ರೆ ನಿಮ್ಮ ಡಿಪಾರ್ಟ್‌ಮೆಂಟ್, ಸಂಸ್ಥೆ, ಊರು ಬರೀರಿ ಸಾಕು, ಹುದ್ದೆ ಅವ್ರು ಕೇಳಿದ್ರೆ ಮಾತ್ರ. ಯಾವ ಸಂಸ್ಥೆನೂ ಇಲ್ಲ ಅಂದ್ರೆ ಇಂಡಿಪೆಂಡೆಂಟ್ ರಿಸರ್ಚರ್ ಅಂತ ಹಾಕಿ, ಅದ್ರಲ್ಲಿ ನಾಚಿಕೆ ಏನಿಲ್ಲ. ಪೊಲಿಟಿಕಲ್ ಅಫಿಲಿಯೇಷನ್ ಅಂತಿದ್ರೆ ಯಾವ ಪಕ್ಷದ ಜೊತೆ ಗುರುತಿಸ್ಕೊಂಡಿದೀರಿ ಅಂತ ಕೇಳ್ತಿದಾರೆ ಅಷ್ಟೇ.

ಆಮೇಲೆ ಅಫಿಲಿಯೇಟೆಡ್ ಟು, ಅಫಿಲಿಯೇಟೆಡ್ ವಿತ್ ಎರಡೂ ಸರಿನೇ. ಕಾಲೇಜು ಯೂನಿವರ್ಸಿಟಿ ವಿಷ್ಯಕ್ಕೆ ಬ್ರಿಟಿಷ್ ಶೈಲಿಲಿ ಟು ಜಾಸ್ತಿ, ಅಮೆರಿಕನ್ನರು ವಿತ್ ಅಂತಾರೆ.