ಪ್ರಾರ್ಥನೆ ಇರುವಲ್ಲಿ ದೂರು ಸಮಿತಿ ಏಕೆ?

ಪತ್ರದ ಸಾರ: ಚಿಕ್ಕಮಗಳೂರು ಜಿಲ್ಲೆಯ ಓದುಗರೊಬ್ಬರ ಮಗಳು ಈ ವರ್ಷ ಬಿ.ಡಿ. (ಬ್ಯಾಚುಲರ್ ಆಫ್ ಡಿವಿನಿಟಿ, ಕ್ರೈಸ್ತ ದೇವಶಾಸ್ತ್ರದ ಪದವಿ) ಓದಲು ಥಿಯೋಲಾಜಿಕಲ್ ಕಾಲೇಜಿಗೆ ಸೇರಿದ್ದಾಳೆ. ಮೊದಲ ವಾರವೇ ಅಲ್ಲಿ ಲೈಂಗಿಕ ಕಿರುಕುಳದ ದೂರು ಸಮಿತಿಯ ಬಗ್ಗೆ ತಿಳಿಸಿದರಂತೆ. ‘ದೇವರ ಸೇವೆಗೆ ಮೀಸಲಾದ ಜಾಗದಲ್ಲಿ ಸಮಿತಿ, ಪೊಲೀಸು, ಕ್ಯಾಮೆರಾ ಬಂದರೆ ಆತ್ಮಿಕ ವಾತಾವರಣ ಕೆಡುವುದಿಲ್ಲವೇ? ಬೈಬಲಿನ ಮತ್ತಾಯ 18ರಂತೆ ಒಳಗೇ ಮಾತಾಡಿ ಸರಿಮಾಡಿಕೊಳ್ಳಬಾರದೇ? ಹುಡುಗಿಯರ ಹಾಸ್ಟೆಲ್ ಗೇಟನ್ನು ಆರಕ್ಕೇ ಮುಚ್ಚಿದರೆ ಸಾಲದೇ?’ ಎಂದು ಕೇಳಿದ್ದಾರೆ.

ಕರ್ತನಲ್ಲಿ ಪ್ರಿಯರೇ,

ನೀವು ಹೇಳಿದ ಅಧ್ಯಾಯದಿಂದಲೇ ಶುರುಮಾಡುತ್ತೇವೆ. ಮತ್ತಾಯ 18ನ್ನು ನಮ್ಮ ಸಭೆಗಳಲ್ಲಿ ಹೆಚ್ಚಾಗಿ 15ನೇ ವಚನದಿಂದ ಓದುತ್ತಾರೆ: ತಪ್ಪು ಮಾಡಿದ ಸಹೋದರನ ಹತ್ತಿರ ಹೋಗಿ, ಇಬ್ಬರೇ ಇರುವಾಗ ತಿಳಿಸು. ಅದಕ್ಕೂ ಮೊದಲು, 6ನೇ ವಚನದಲ್ಲಿ, ಚಿಕ್ಕವರನ್ನು ಎಡವಿಸುವವನ ಕೊರಳಿಗೆ ಬೀಸುವ ಕಲ್ಲು ಕಟ್ಟುವ ಮಾತಿದೆ. 15ನೇ ವಚನದ ದಾರಿ ಸಹೋದರರ ನಡುವಿನ ತಪ್ಪಿನದು. ಅಂಕ ಹಾಕುವ ಉಪನ್ಯಾಸಕರೂ ಮೊದಲ ವರ್ಷದ ವಿದ್ಯಾರ್ಥಿನಿಯೂ ಆ ಅರ್ಥದಲ್ಲಿ ಸರಿಸಮಾನರಲ್ಲ. ಅವಳೊಬ್ಬಳೇ ಅವರ ಕೋಣೆಗೆ ಹೋಗಿ ತಪ್ಪು ತಿಳಿಸಲಿ ಎನ್ನುವುದು ಅವಳನ್ನು ಮತ್ತೆ ಅಪಾಯಕ್ಕೆ ನೂಕಿದಂತೆ. ಸಹೋದರರ ನಡುವೆಯೂ ಆ ದಾರಿ ಸಾಕ್ಷಿಗಳ ಕಡೆಗೆ, ಆಮೇಲೆ ಇಡೀ ಸಭೆಯ ಕಡೆಗೆ ಹೋಗುತ್ತದೆ. ಮುಚ್ಚಿಡು ಎಂಬ ಮಾತು ಅಲ್ಲೆಲ್ಲೂ ಇಲ್ಲ. ಆ ಮಾತು ಇರುವುದು 2 ಸಮುವೇಲ 13ರಲ್ಲಿ. ದಾವೀದನ ಮಗ ಅಮ್ನೋನನು ಮಲತಂಗಿ ತಾಮಾರಳ ಮೇಲೆ ಅತ್ಯಾಚಾರ ಮಾಡಿದ. ಅವನು ನಿನ್ನ ಅಣ್ಣ, ಸುಮ್ಮನಿರು ಎಂದು ಅವಳ ಒಡಹುಟ್ಟಿದ ಅಬ್ಷಾಲೋಮನು ಅವಳಿಗೆ ಹೇಳಿದ. ದಾವೀದನಿಗೆ ಸಿಟ್ಟು ಬಂತು, ಆದರೆ ಅಮ್ನೋನನನ್ನು ವಿಚಾರಿಸಲಿಲ್ಲ. ಆ ಮೌನದ ಬೆಲೆಯನ್ನು ಇಡೀ ಮನೆತನ ತೆತ್ತಿತು.

ಇನ್ನು ಕಾನೂನು. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯಿದೆಯಲ್ಲಿ ಶಿಕ್ಷಣ ಸಂಸ್ಥೆಯೂ ಕೆಲಸದ ಸ್ಥಳವೇ. ದೂರು ಕೊಡುವ ಮಹಿಳೆ ಅಲ್ಲಿ ನೌಕರಳಾಗಿರಲೇಬೇಕೆಂದಿಲ್ಲ. ಹತ್ತು ಅಥವಾ ಹೆಚ್ಚು ನೌಕರರಿರುವಲ್ಲಿ ಆಂತರಿಕ ಸಮಿತಿ ಕಡ್ಡಾಯ, ಮಾಡದಿದ್ದರೆ 50,000 ರೂಪಾಯಿವರೆಗೆ ದಂಡ. ಅಧ್ಯಕ್ಷೆ ಹಿರಿಯ ಮಹಿಳಾ ನೌಕರರೇ ಆಗಿರಬೇಕು. ಜೊತೆಗೆ ನೌಕರರಲ್ಲಿ ಕನಿಷ್ಠ ಇಬ್ಬರು, ಮಹಿಳೆಯರ ಪರ ದುಡಿಯುವ ಸಂಸ್ಥೆಯಿಂದ ಅಥವಾ ಈ ವಿಷಯ ಬಲ್ಲವರಲ್ಲಿ ಒಬ್ಬ ಹೊರಗಿನವರು; ಒಟ್ಟು ಸದಸ್ಯರಲ್ಲಿ ಅರ್ಧದಷ್ಟಾದರೂ ಮಹಿಳೆಯರು. ಸಣ್ಣ ಕಾಲೇಜುಗಳು ಎಡವುವುದು ಇಲ್ಲೇ. ಹಿರಿಯ ಉಪನ್ಯಾಸಕಿ ಇಲ್ಲವೆಂದು ಪ್ರಿನ್ಸಿಪಾಲರ ಹೆಂಡತಿಯನ್ನು ಅಧ್ಯಕ್ಷೆ ಮಾಡಿದರೆ, ಅವರು ನೌಕರರಲ್ಲದಿದ್ದಲ್ಲಿ ಸಮಿತಿಯೇ ಊರ್ಜಿತವಾಗದು. ಅದೇ ಆಡಳಿತದ ಬೇರೆ ಶಾಲೆಯಿಂದಲೋ ಆಸ್ಪತ್ರೆಯಿಂದಲೋ ಹಿರಿಯ ಮಹಿಳೆಯೊಬ್ಬರನ್ನು ಕರೆತರಲು ಕಾಯಿದೆಯೇ ಅವಕಾಶ ಕೊಟ್ಟಿದೆ.

ದೂರು ಬರಹದಲ್ಲಿರಬೇಕು, ಘಟನೆಯಾದ ಮೂರು ತಿಂಗಳೊಳಗೆ. ಕಿರುಕುಳ ಮತ್ತೆಮತ್ತೆ ನಡೆದಿದ್ದರೆ ಕೊನೆಯ ಘಟನೆಯಿಂದ ಲೆಕ್ಕ. ತಡಕ್ಕೆ ಕಾರಣವಿದ್ದರೆ ಸಮಿತಿ ಇನ್ನೂ ಮೂರು ತಿಂಗಳು ಕೊಡಬಹುದು. ನಿಯಮದಂತೆ ಆರು ಪ್ರತಿ, ಸಾಕ್ಷಿಗಳ ಹೆಸರು, ವಿಳಾಸ ಬೇಕು. ಬರೆಯಲಾಗದವಳಿಗೆ ಬರೆದುಕೊಡುವುದು ಸಮಿತಿಯ ಹೊಣೆ. ವಿಚಾರಣೆ 90 ದಿನದಲ್ಲಿ ಮುಗಿಯಬೇಕು. ರಾಜಿ ಅವಳೇ ಕೇಳಿದರೆ ಮಾತ್ರ, ದುಡ್ಡಿನ ಮೇಲಂತೂ ಇಲ್ಲವೇ ಇಲ್ಲ. ಹಿರಿಯರು ಇಬ್ಬರನ್ನೂ ಕೂರಿಸಿ, ಕೈಹಿಡಿಸಿ, ಪ್ರಾರ್ಥಿಸಿ ಮುಗಿಸುವ ರೂಢಿ ನಮ್ಮಲ್ಲಿದೆ. ಕ್ಷಮೆ ಅವಳ ಮನಸ್ಸಿನಿಂದ ಬರಬೇಕಾದದ್ದು, ಇನ್ನೊಬ್ಬರು ದಿನ ಗೊತ್ತುಮಾಡಿ ಪಡೆಯುವಂಥದ್ದಲ್ಲ. ಅವಳು ಕ್ಷಮಿಸಿದರೂ ವಿಚಾರಣೆ ನಿಲ್ಲಬೇಕೆಂದಿಲ್ಲ. ದೂರು ಸಾಬೀತಾಗಲಿಲ್ಲ ಎಂಬುದೊಂದರಿಂದಲೇ ಅದನ್ನು ಸುಳ್ಳು ದೂರೆಂದು ಶಿಕ್ಷಿಸುವ ಹಾಗೂ ಇಲ್ಲ. ಆರೋಪ ಸಂಸ್ಥೆಯ ಮುಖ್ಯಸ್ಥರ ಮೇಲೆಯೇ ಇದ್ದರೆ ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ಹೋಗಬೇಕು. ಈ ಕಾಯಿದೆ ಮಹಿಳೆಯರಿಗಷ್ಟೇ. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗದ) 2015ರ ನಿಯಮಗಳು ಹುಡುಗರಿಗೂ ರಕ್ಷಣೆ ಕೊಡುತ್ತವೆ. ಅವು ತಮಗೆ ಅನ್ವಯಿಸುವುದಿಲ್ಲ ಎನ್ನುವ ಕಾಲೇಜು ಅದೇ ರಕ್ಷಣೆಯನ್ನು ತನ್ನ ಕೈಪಿಡಿಯಲ್ಲಿ ಬರೆದುಕೊಳ್ಳಲಿ.

ಆತ್ಮಿಕ ವಾತಾವರಣದ ಬಗ್ಗೆ ನಿಮಗಿರುವ ಕಾಳಜಿ ನಮಗೂ ಇದೆ. ಆದರೆ ಅದು ಕೆಡುವುದು ಬೇರೆ ಕಡೆ ಎಂಬುದು ನಮ್ಮ ಖಚಿತ ಅಭಿಪ್ರಾಯ. ನಮ್ಮ ಪ್ರೊಟೆಸ್ಟಂಟ್ ಕಾಲೇಜುಗಳಲ್ಲಿ ಹಲವೆಡೆ ವಿದ್ಯಾರ್ಥಿಗಳ ಆತ್ಮಿಕ ಆರೈಕೆ ನೋಡುವ ಪಾದ್ರಿ, ಅಂದರೆ ಚಾಪ್ಲೆನ್ ಅವರೇ ಪಾಠ ಮಾಡುತ್ತಾರೆ, ಅಂಕ ಹಾಕುತ್ತಾರೆ, ವರ್ಷದ ಕೊನೆಗೆ ಬಿಷಪರಿಗೆ ಕಳಿಸುವ ವರದಿಗೂ ಕೂರುತ್ತಾರೆ. ಆರ್ಡಿನೇಶನ್ (ಪಾದ್ರಿ ದೀಕ್ಷೆ) ಆಗುವುದೋ ಇಲ್ಲವೋ ಎಂಬುದು ಆ ವರದಿಯ ಮೇಲಿದೆ. ಹೀಗಿರುವಾಗ ನಂಬಿಕೆ ಕುಂದಿದ ವಿದ್ಯಾರ್ಥಿ, ಕುಡಿತಕ್ಕೆ ಬಿದ್ದವನು, ಯಾರದೋ ಕೈಯಿಂದ ನೊಂದವಳು ಯಾರ ಹತ್ತಿರ ಬಾಯಿಬಿಡಬೇಕು? ಚಾಪೆಲ್‌ನಲ್ಲಿ ಜೋರಾಗಿ ಪ್ರಾರ್ಥಿಸುತ್ತಾರೆ, ಒಳಗಿನದನ್ನು ಒಳಗೇ ಬಚ್ಚಿಡುತ್ತಾರೆ. ನಾಲ್ಕು ವರ್ಷ ಹೀಗೆ ಕಳೆದವರು ಮುಂದೆ ಸಭೆ ನಡೆಸುವುದೂ ಹಾಗೆಯೇ.

ಕಥೋಲಿಕರು ಇದನ್ನು ನಿಯಮದಲ್ಲೇ ಬಿಡಿಸಿಟ್ಟಿದ್ದಾರೆ. 1983ರ ಅವರ ಧರ್ಮಸಭಾ ಕಾನೂನಿನ 985ನೇ ವಿಧಿಯಂತೆ ಗುರುಮಠದ (ಪಾದ್ರಿಗಳಾಗುವವರು ಓದುವ ಸಂಸ್ಥೆಯ) ಮುಖ್ಯಸ್ಥರಾದ ರೆಕ್ಟರ್ ತಮ್ಮ ಜೊತೆ ಅಲ್ಲೇ ವಾಸಿಸುವ ವಿದ್ಯಾರ್ಥಿಗಳ ಪಾಪನಿವೇದನೆ ಕೇಳುವಂತಿಲ್ಲ. ಯಾವುದೋ ಸಂದರ್ಭದಲ್ಲಿ ವಿದ್ಯಾರ್ಥಿಯೇ ತಾನಾಗಿ ಬಯಸಿದರೆ ಆ ಮಾತು ಬೇರೆ. 240ನೇ ವಿಧಿಯಂತೆ, ದೀಕ್ಷೆ ಕೊಡುವ ಅಥವಾ ಗುರುಮಠದಿಂದ ಕಳಿಸಿಬಿಡುವ ತೀರ್ಮಾನದಲ್ಲಿ ಆಧ್ಯಾತ್ಮಿಕ ನಿರ್ದೇಶಕರ, ಪಾಪನಿವೇದನೆ ಕೇಳಿದ ಗುರುಗಳ ಅಭಿಪ್ರಾಯ ಎಂದಿಗೂ ಕೇಳಕೂಡದು. ಈ ಬೇರ್ಪಡಿಕೆ ನಮ್ಮ ಕಾಲೇಜುಗಳಿಗೂ ಬೇಕು. ಚಾಪ್ಲೆನ್ ಮೌಲ್ಯಮಾಪನ ಸಭೆಯಲ್ಲೂ ದೂರು ಸಮಿತಿಯಲ್ಲೂ ಇರಬಾರದು. ಅವರ ಟಿಪ್ಪಣಿ ವಿದ್ಯಾರ್ಥಿಯ ಕಡತಕ್ಕೆ ಸೇರಬಾರದು. ಭೇಟಿ ಮನೆಯಲ್ಲಲ್ಲ, ಬಾಗಿಲಲ್ಲಿ ಗಾಜಿರುವ ಕೋಣೆಯಲ್ಲಿ, ಹಗಲಲ್ಲಿ ನಡೆಯಲಿ. ಯಾವುದನ್ನು ಗುಟ್ಟಾಗಿಡಲಾಗದು ಎಂಬುದನ್ನು ಮೊದಲ ಭೇಟಿಯಲ್ಲೇ ಅವರು ಹೇಳಿಬಿಡಬೇಕು: ಜೀವಕ್ಕೆ ಅಪಾಯವಿದ್ದರೆ, ಮಗುವಿನ ಮೇಲೆ ಲೈಂಗಿಕ ದೌರ್ಜನ್ಯವಾಗಿದ್ದರೆ. ಎರಡನೆಯದು ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯಿದೆಯ 19ನೇ ಕಲಮು; ತಿಳಿದೂ ಪೊಲೀಸರಿಗೆ ತಿಳಿಸದವರಿಗೆ ಆರು ತಿಂಗಳವರೆಗೆ, ತನ್ನ ಕೈಕೆಳಗಿನವರ ಅಪರಾಧವನ್ನು ತಿಳಿಸದ ಸಂಸ್ಥೆಯ ಮುಖ್ಯಸ್ಥರಿಗೆ ಒಂದು ವರ್ಷದವರೆಗೆ ಜೈಲಾಗಬಹುದು.

ಉಪವಾಸ ಪ್ರಾರ್ಥನೆಯನ್ನೂ ಇದರ ಜೊತೆಗೇ ನೋಡಬೇಕು. ಅದನ್ನು ಹಾಜರಿ ಹಾಕಿ ಮಾಡಿಸಬಾರದು. ಇನ್ಸುಲಿನ್ ತೆಗೆದುಕೊಳ್ಳುವವರು ಊಟ ಬಿಟ್ಟರೆ ಸಕ್ಕರೆ ಅಂಶ ಇಳಿದು ಬಿದ್ದುಹೋಗಬಹುದು. ಮೂರು ರಾತ್ರಿ ನಿದ್ದೆಯಿಲ್ಲದೆ ದನಿಗಳು ಕೇಳುತ್ತಿವೆ ಎನ್ನುವವನ ಮೇಲೆ ಕೈಯಿಟ್ಟು ದೆವ್ವ ಬಿಡಿಸಲು ಕೂರಬೇಡಿ. ಅವನಿಗಾಗಿ ಪ್ರಾರ್ಥಿಸುತ್ತಲೇ ವೈದ್ಯರ ಹತ್ತಿರ ಕರೆದೊಯ್ಯಿರಿ. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416 ಹಗಲುರಾತ್ರಿ ಸಿಗುತ್ತದೆ.

ಗೇಟಿನ ವಿಷಯ. ಆರಕ್ಕೆ ಮುಚ್ಚುವ ಗೇಟು ಒಳಗಿದ್ದವರಿಂದಲೇ ಆಗುವ ಕಿರುಕುಳವನ್ನು ತಡೆಯದು. ಹೊರಗೆ ಉಳಿದವಳಿಗೋ ಆ ಗೇಟೇ ಅಪಾಯ. ಬೇರೆ ಊರಿನ ಸಭೆಯಲ್ಲಿ ಭಾನುವಾರದ ಫೀಲ್ಡ್ ವರ್ಕ್ (ಸೇವೆಯ ತರಬೇತಿ) ಮುಗಿಸಿ ಬರುವಾಗ ಘಾಟಿಯಲ್ಲಿ ಬಸ್ಸು ಕೆಟ್ಟಿತು ಎನ್ನೋಣ. ಏಳೂವರೆಗೆ ಬಂದರೆ ದಂಡ, ಮನೆಗೆ ಫೋನು, ಚಾರಿತ್ರ್ಯದ ಮೇಲೆ ಮಾತು. ಅದಕ್ಕೆ ಹೆದರಿ ಅವಳು ಗುರುತು ಪರಿಚಯವಿಲ್ಲದವರ ಮನೆಯಲ್ಲಿ ಉಳಿಯುತ್ತಾಳೆ. ಗೇಟಿಗೆ ಸಮಯವಿರಲಿ, ಹುಡುಗ ಹುಡುಗಿಯರಿಗೆ ಒಂದೇ ಸಮಯವಿರಲಿ. ತಡವಾಗಿ ಬಂದವರಿಗೆ ಮೊದಲು ಬಾಗಿಲು ತೆರೆಯಲಿ, ಕಾರಣವನ್ನು ಬೆಳಿಗ್ಗೆ ಕೇಳಲಿ.

ನಿಜಕ್ಕೂ ತೀರಾ ಸಡಿಲವಾಗಿರುವ ಕೊಂಡಿ ಈ ಫೀಲ್ಡ್ ವರ್ಕೇ. ಶನಿವಾರ ಹೊರಟು ಸಭಾಪಾಲಕರ ಮನೆಯಲ್ಲೋ ಸಭೆಯ ಹಿರಿಯರ ಮನೆಯಲ್ಲೋ ರಾತ್ರಿ ತಂಗುವ ವಿದ್ಯಾರ್ಥಿ ವಾರ್ಡನ್ ಕಣ್ಣಿಗೂ ಇಲ್ಲ, ಮನೆಯವರ ಕಣ್ಣಿಗೂ ಇಲ್ಲ. ಹೊರಡುವ ಮುಂಚೆ ಒಂದು ಹಾಳೆ ತುಂಬಿಸಬೇಕು: ಯಾರ ಮನೆ, ಫೋನ್ ನಂಬರು, ಮಲಗುವ ಕೋಣೆಗೆ ಒಳಚಿಲಕ ಇದೆಯೇ, ಆ ಮನೆಯಲ್ಲಿ ಹೆಂಗಸರು ಇರುತ್ತಾರೆಯೇ, ಹಿಂತಿರುಗುವ ಬಸ್ಸು ಯಾವುದು. ತಲುಪಿದ ಮೇಲೆ ಒಂದು ಸಂದೇಶ, ಹೊರಟಾಗ ಒಂದು. ಮೊದಲ ವರ್ಷದವರನ್ನು ಒಬ್ಬೊಬ್ಬರನ್ನೇ ಕಳಿಸಬಾರದು. ಸಂಡೇ ಸ್ಕೂಲ್ ಮಕ್ಕಳ ಜೊತೆ ಯಾವಾಗಲೂ ಇಬ್ಬರು ದೊಡ್ಡವರಿರಬೇಕು.

ಕ್ಯಾಮೆರಾ ಗೇಟಿಗೆ, ಓಣಿಗೆ ಸರಿ. ಚಾಪೆಲ್ ಒಳಗೆ, ಆಪ್ತಸಮಾಲೋಚನೆಯ ಬಾಗಿಲಿಗೆ ಬೇಡ, ಅಲ್ಲಿಗೆ ಯಾರು ಬಂದರು ಹೋದರು ಎಂಬುದು ಯಾರಿಗೂ ಗೊತ್ತಾಗಬಾರದು. ಹೆಂಚಿನ ಮಾಡು, ಮರದ ತೊಲೆಗಳಿರುವ ಹಳೆಯ ಚಾಪೆಲ್‌ನಲ್ಲಿ ಮೇಣದಬತ್ತಿಯ ಆರಾಧನೆ ನಡೆಯುವಾಗ ಎರಡೂ ಬಾಗಿಲ ಅಗುಳಿ ತೆಗೆದಿರಬೇಕು, ಪರದೆ ಕಟ್ಟಿ ಮೇಲೆತ್ತಿರಬೇಕು.

ಪ್ರಾರ್ಥನೆಯೋ ಕಾವಲೋ ಎಂಬ ಆಯ್ಕೆ ಯೆರೂಸಲೇಮಿನ ಗೋಡೆಯನ್ನು ಮತ್ತೆ ಕಟ್ಟಿಸಿದ ನೆಹೆಮೀಯನಿಗೆ ಬರಲಿಲ್ಲ. ಅವನ ಹೆಸರಿನ ಪುಸ್ತಕದ 4ನೇ ಅಧ್ಯಾಯದ 9ನೇ ವಚನದಲ್ಲಿ ಅವನ ಜನರು ದೇವರನ್ನು ಬೇಡಿಕೊಂಡರು, ಹಗಲೂ ರಾತ್ರಿಯೂ ಕಾವಲಿಟ್ಟರು. ಮೊದಲ ವಾರದಲ್ಲೇ ಸಮಿತಿಯ ವಿಷಯ ಹೇಳಿದ ಕಾಲೇಜು ಒಳ್ಳೆಯ ಕೆಲಸ ಮಾಡಿದೆ. ಪ್ರಿನ್ಸಿಪಾಲರಿಗೆ ಒಂದು ಪತ್ರ ಬರೆದು ಮೂರು ಸಂಗತಿ ಕೇಳಿ: ಸಮಿತಿಯ ಹೊರಗಿನ ಸದಸ್ಯರು ಯಾರು, ಚಾಪ್ಲೆನ್ ಮೌಲ್ಯಮಾಪನ ಸಭೆಯಲ್ಲಿ ಕೂರುತ್ತಾರೆಯೇ, ಫೀಲ್ಡ್ ವರ್ಕ್‌ನಲ್ಲಿ ಮಗಳು ರಾತ್ರಿ ಎಲ್ಲಿ ತಂಗುತ್ತಾಳೆ. ಮಗಳ ಫೋನಿನಲ್ಲಿ ತುರ್ತು ಸಹಾಯದ 112, ಮಹಿಳಾ ಸಹಾಯವಾಣಿ 181 ಇರಲಿ. ಏನಾದರೂ ಆದರೆ ಮೊದಲು ನಮಗೆ ಹೇಳು, ನಾವು ನಿನ್ನನ್ನು ಬೈಯುವುದಿಲ್ಲ, ಓದು ಬಿಡಿಸುವುದೂ ಇಲ್ಲ ಎಂದು ಇವತ್ತೇ ಅವಳಿಗೆ ಹೇಳಿ. ಮನೆಯಲ್ಲಿ ಗೊತ್ತಾದರೆ ಓದು ನಿಂತೀತು ಎಂಬ ಹೆದರಿಕೆಗೇ ಎಷ್ಟೋ ದೂರುಗಳು ಮೂರು ತಿಂಗಳ ಗಡುವು ದಾಟಿಹೋಗುತ್ತವೆ.

— ಸಂಪಾದಕ